ಗೋಣಿಬೀಡು ಸೀಮೆಯ ಜ್ಞಾನಚರಿತ್ರೆ: ಶಾಸನ, ಕಾಫಿ, ಕಪ್ಪೆ ಮತ್ತು ಕಥನ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿಗೆ ಸೇರಿದ ಗೋಣಿಬೀಡು, ಭೂಪಟದಲ್ಲಿ ಹೋಬಳಿ ಕೇಂದ್ರವೊಂದರ ಚುಕ್ಕೆಯಾಗಿ ಮಾತ್ರ ಕಾಣಿಸುವ ಊರು. ಅದರ ಸುತ್ತಣ ನೆಲವಾದರೋ ನಾಲ್ಕು ಬೇರೆ ಬೇರೆ ಶಾಸ್ತ್ರಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಹೊಯ್ಸಳರ ಮೂಲವನ್ನು ಅರಸುವ ಇತಿಹಾಸಕಾರನು ಅಂಗಡಿ ಗ್ರಾಮಕ್ಕೆ ಬರಬೇಕು. ಕಾಫಿಯ ತುಕ್ಕುರೋಗದ ಚರಿತ್ರೆಯನ್ನು ಬರೆಯುವ ಸಸ್ಯರೋಗ ತಜ್ಞನು ಬಾಳೆಹೊನ್ನೂರನ್ನು ಬಿಟ್ಟು ಮುಂದುವರಿಯಲಾರ. ಪಶ್ಚಿಮಘಟ್ಟದ ಉಭಯಜೀವಿಗಳ ಅಭ್ಯಾಸಿಗೆ ಕೊಟ್ಟಿಗೆಹಾರವು ಒಂದು ಕಪ್ಪೆಯ ಹೆಸರಿನಲ್ಲೇ ಸೇರಿಕೊಂಡಿದೆ. ಆಧುನಿಕ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಮೂಡಿಗೆರೆ ಎಂದರೆ ಪೂರ್ಣಚಂದ್ರ ತೇಜಸ್ವಿ. ಈ ನಾಲ್ಕು ಎಳೆಗಳನ್ನು ಪ್ರತ್ಯೇಕ ಶಾಸ್ತ್ರಗಳು ಪ್ರತ್ಯೇಕವಾಗಿ ಎಳೆದುಕೊಂಡು ಹೋಗಿರುವುದರಿಂದ ಅವುಗಳನ್ನು ಒಂದೇ ನೆಲದ ಕಥೆಯಾಗಿ ಓದುವ ಕೆಲಸ ವಿರಳ. ಒಂದು ನೆಲದಿಂದ ಹುಟ್ಟಿದ ಜ್ಞಾನವು ಎಲ್ಲಿ ದಾಖಲಾಯಿತು, ಯಾವ ಭಾಷೆಯಲ್ಲಿ ಉಳಿಯಿತು, ಅದರಲ್ಲಿ ಎಷ್ಟು ಕಳೆದುಹೋಯಿತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಂಥ ಓದಿಗೆ ಪ್ರಸ್ತುತ ಲೇಖನ ತೊಡಗುತ್ತದೆ.

ಭೂಗೋಳದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬಲ್ಲಾಳರಾಯನ ದುರ್ಗದ ಬಳಿ, ಜಾವಳಿಯ ಸಮೀಪ ಹುಟ್ಟುವ ಹೇಮಾವತಿ ಈ ಸೀಮೆಯನ್ನು ಹಾದು ಪೂರ್ವಕ್ಕೆ ಇಳಿದು, ಗೊರೂರಿನ ಜಲಾಶಯವನ್ನು ತುಂಬಿ ಕಾವೇರಿಯನ್ನು ಸೇರುತ್ತದೆ. ಉತ್ತರದಲ್ಲಿ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಳಸದ ಕಡೆ ಭದ್ರೆ ಹರಿಯುತ್ತದೆ. ಪಶ್ಚಿಮಕ್ಕೆ ಚಾರ್ಮಾಡಿ ಘಟ್ಟದ ಅಂಚಿನಿಂದ ನೀರು ಅರಬ್ಬೀ ಸಮುದ್ರದತ್ತ ಧುಮುಕುತ್ತದೆ. ಹೀಗೆ ಒಂದೇ ಮಳೆಯ ನೀರು ಎರಡು ಸಮುದ್ರಗಳಿಗೆ ಹಂಚಿಹೋಗುವ ಏಣು ಇದು. ಘಟ್ಟದ ಅಂಚಿನ ಕೊಟ್ಟಿಗೆಹಾರದಿಂದ ಗೋಣಿಬೀಡಿನತ್ತ ಬರುವಷ್ಟರಲ್ಲಿ ಮಳೆಯ ಪ್ರಮಾಣ ಬಹಳಷ್ಟು ಇಳಿದಿರುತ್ತದೆ. ಕಾಡಿನ ಸ್ವರೂಪ, ಬೆಳೆಯ ಆಯ್ಕೆ, ಮನೆಯ ಮಾಡಿನ ಇಳಿಜಾರು ಎಲ್ಲವೂ ಈ ವ್ಯತ್ಯಾಸವನ್ನು ಅನುಸರಿಸಿವೆ.

ಅಂಗಡಿ: ಶಾಸನವೂ ದಂತಕಥೆಯೂ

ಬೆಂಜಮಿನ್ ಲೂಯಿ ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯ ಆರನೆಯ ಸಂಪುಟ 1901ರಲ್ಲಿ ಪ್ರಕಟವಾಯಿತು. ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನೊಳಗೊಂಡ ಈ ಸಂಪುಟದಲ್ಲಿ ಮೂಡಿಗೆರೆ ತಾಲ್ಲೂಕಿನ ಭಾಗಕ್ಕೆ ವಿಶೇಷ ಮಹತ್ವವಿದೆ. ಶಶಕಪುರ, ಸೊಸೆವೂರು ಎಂದು ಶಾಸನಗಳಲ್ಲಿ ಕಾಣಬರುವ ಸ್ಥಳವನ್ನು ಇಂದಿನ ಅಂಗಡಿ ಗ್ರಾಮದೊಡನೆ ಗುರುತಿಸಲು ಬೇಕಾದ ಆಧಾರಗಳು ಬೆಳಕಿಗೆ ಬಂದುದು ಈ ಕಾರ್ಯದ ಫಲವಾಗಿ. ಅಂಗಡಿಯಲ್ಲಿ ಬಸದಿಗಳಿವೆ, ಶಿಥಿಲ ದೇವಾಲಯಗಳಿವೆ, ವಾಸಂತಿಕಾ ದೇವಿಯ ಗುಡಿಯಿದೆ. ಹತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಸೇರುವ, ಜೈನ ಗುರು ವಿಮಲಚಂದ್ರ ಪಂಡಿತರ ಸಮಾಧಿಮರಣವನ್ನು ಹೇಳುವ ಶಾಸನದಿಂದ ಆರಂಭಿಸಿ, ಹನ್ನೊಂದನೆಯ ಶತಮಾನದ ವಿನಯಾದಿತ್ಯನ ಕಾಲದವರೆಗಿನ ದಾಖಲೆಗಳು ಇಲ್ಲಿ ದೊರೆತಿವೆ. ರಾಜವಂಶವೊಂದು ತಲೆಯೆತ್ತುವುದಕ್ಕೆ ಮೊದಲೇ ಈ ಊರು ಜೈನ ನೆಲೆಯಾಗಿ ನೆಲೆಗೊಂಡಿತ್ತೆಂಬುದು ಇದರಿಂದ ಸ್ಪಷ್ಟ.

ಸಳನು ಗುರುವಿನ ಆಜ್ಞೆಯಂತೆ ಹುಲಿಯನ್ನು ಹೊಯ್ದ ಕಥೆ ಎಲ್ಲರಿಗೂ ತಿಳಿದದ್ದೇ. ಆ ಕಥೆಯ ಕಾಲವನ್ನು ಮಾತ್ರ ಬಹುಮಂದಿ ಗಮನಿಸುವುದಿಲ್ಲ. ಮನೆತನದ ಹೆಸರು ಕ್ರಿ.ಶ. 1006ರ ಕಲಿಯೂರು ಶಾಸನದ ಹೊತ್ತಿಗೇ ಯುದ್ಧಪ್ರಸಂಗವೊಂದರಲ್ಲಿ ಕಾಣಿಸಿಕೊಂಡಿದೆ. ಹುಲಿಯ ಕಥೆಯಾದರೋ ವಿಷ್ಣುವರ್ಧನನ ಕಾಲದಲ್ಲಿ, ಅಂದರೆ ಹನ್ನೆರಡನೆಯ ಶತಮಾನದಲ್ಲಿ, ವಂಶವು ಬೇಲೂರು ಮತ್ತು ದೋರಸಮುದ್ರಗಳಿಗೆ ಇಳಿದು ಸಾಮ್ರಾಜ್ಯದ ಮಹತ್ವಾಕಾಂಕ್ಷೆಯನ್ನು ತೋರುತ್ತಿದ್ದ ಹಂತದಲ್ಲಿ ಪ್ರಚಾರಕ್ಕೆ ಬರುತ್ತದೆ. ಬೆಟ್ಟದ ಪಾಳೆಯಗಾರರಂಥ ಮನೆತನವೊಂದು ಬಯಲಿನ ಅರಸುಮನೆತನಗಳ ಸಾಲಿನಲ್ಲಿ ಕೂರಬೇಕಾದಾಗ ಅದಕ್ಕೆ ಮೂಲಪುರುಷನೂ, ಲಾಂಛನವೂ, ಗುರುವಿನ ಅನುಗ್ರಹವೂ ಬೇಕಾಗುತ್ತವೆ. ವಿಲಿಯಂ ಕೊಯೆಲೊ ಅವರ 1950ರ ಗ್ರಂಥ ಮತ್ತು ಡೆರೆಟ್ ಅವರ 1957ರ ಗ್ರಂಥಗಳ ನಂತರ ವಿದ್ವಾಂಸರು ಈ ಕಥೆಯನ್ನು ಶಬ್ದನಿಷ್ಪತ್ತಿಯ ಚಮತ್ಕಾರವೆಂದೇ ಬಹುಮಟ್ಟಿಗೆ ಎಣಿಸುತ್ತ ಬಂದಿದ್ದಾರೆ. ಕಥೆಗಿಂತ ಹೆಚ್ಚಿನ ಚಾರಿತ್ರಿಕ ಬೆಲೆಯುಳ್ಳದ್ದು ಹೊಯ್ಸಳರು ಸಾಮ್ರಾಟರಾದ ಮೇಲೂ ಬಿಡದೆ ಹೊತ್ತುಕೊಂಡು ಬಂದ ‘ಮಲೆಪರೊಳ್ ಗಂಡ’ ಎಂಬ ಬಿರುದು. ಮಲೆಯ ನಾಯಕರ ನಡುವೆ ಮೇಲುಗೈ ಸಾಧಿಸಿದವನೆಂಬ ಈ ಹೆಮ್ಮೆಗೆ ಯಾವ ದಂತಕಥೆಯ ಆಸರೆಯೂ ಬೇಕಿಲ್ಲ. ಅದರಲ್ಲಿರುವುದು ಅಂಗಡಿಯ ಸುತ್ತಣ ಬೆಟ್ಟಗಳೇ.

2023ರ ಸೆಪ್ಟೆಂಬರ್ ತಿಂಗಳಲ್ಲಿ ಯುನೆಸ್ಕೊ ಸಂಸ್ಥೆಯು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಶಿಲ್ಪದ ಪರಿಪಾಕವನ್ನು ಅಳತೆಗೋಲಾಗಿ ಹಿಡಿದಾಗ ಈ ಮೂರರ ಆಯ್ಕೆ ನ್ಯಾಯವಾದದ್ದೇ. ಆದರೆ ಅಂಗಡಿ ಆ ಪಟ್ಟಿಯ ಹೊರಗುಳಿದಿರುವುದರಿಂದ ಪ್ರವಾಸಿಗರ ದೃಷ್ಟಿಯಲ್ಲಿ ಹೊಯ್ಸಳ ಚರಿತ್ರೆಯು ಬೇಲೂರಿನಿಂದಲೇ ಆರಂಭವಾಗುತ್ತದೆ. ಕಲ್ಲಿನಲ್ಲಿ ನವುರಾಗಿ ಕೊರೆದದ್ದು ಉಳಿಯುತ್ತದೆ; ಒರಟು ಕಲ್ಲಿನ ಮೇಲಿನ ನಾಲ್ಕು ಸಾಲು ಪಾಚಿಗೆ ಬಲಿಯಾಗುತ್ತದೆ. ಶತಮಾನಕ್ಕೂ ಹಿಂದೆ ರೈಸ್ ಅವರ ಸಿಬ್ಬಂದಿ ತೆಗೆದ ಪಡಿಯಚ್ಚುಗಳು ಮತ್ತು ಮುದ್ರಿತ ಪಾಠಗಳ ಬೆಲೆ ಈ ಮಳೆಸೀಮೆಯಲ್ಲಿ ಬಯಲುಸೀಮೆಗಿಂತ ಹೆಚ್ಚು.

ಕಾಫಿ: ರೋಗದಿಂದ ಹುಟ್ಟಿದ ವಿಜ್ಞಾನ

ಬಾಬಾಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪರಂಪರೆಯ ನಂಬಿಕೆ. ಬೀಜ ಏಳೋ ಎಪ್ಪತ್ತೋ, ವಾಸ್ತವ ಸಂಗತಿ ಇಷ್ಟು: ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಈ ಬೆಟ್ಟಗಳಲ್ಲಿ ಬೆಳೆದದ್ದು ಬಹುತೇಕ ಏಕರೂಪದ ಅರೇಬಿಕಾ, ತೋಟಗಾರರು ಅದನ್ನು ‘ಚಿಕ್’ ಎಂದು ಕರೆಯುತ್ತಿದ್ದರು. ಚಿಕ್ಕಮಗಳೂರಿನ ಹೆಸರಿನ ಮೊದಲ ತುಂಡೇ ತಳಿಯ ಹೆಸರಾಯಿತು. ಕೆಲವೇ ಗಿಡಗಳಿಂದ ಹರಡಿದ ಬೆಳೆಗೆ ರೋಗವನ್ನೆದುರಿಸುವ ವೈವಿಧ್ಯ ಇರುವುದಿಲ್ಲ. ಮುಂದಿನ ಎಲ್ಲ ಅನಾಹುತಗಳ ಬೀಜ ಅಲ್ಲಿಯೇ ಇತ್ತು.

1840ರ ದಶಕದಿಂದ ಐರೋಪ್ಯ ತೋಟಗಾರರು ಈ ಕಡೆ ಬರತೊಡಗಿದರು. ಗೋಣಿಬೀಡಿಗೆ ನೆರೆಯ ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಇಂದಿನ ಸಕಲೇಶಪುರ ತಾಲ್ಲೂಕಿನಲ್ಲಿ, ರಾಬರ್ಟ್ ಹೆನ್ರಿ ಎಲಿಯಟ್ ಎಂಬ ಸ್ಕಾಟ್ಲೆಂಡಿನ ತರುಣ 1856ರಲ್ಲಿ ತೋಟ ತೆರೆದ. ಆತ 1871 ಮತ್ತು 1894ರಲ್ಲಿ ಪ್ರಕಟಿಸಿದ ಎರಡು ಗ್ರಂಥಗಳು ಬೇಟೆಯ ಕಥೆ, ಆಡಳಿತದ ಟೀಕೆ, ಗೊಬ್ಬರದ ಲೆಕ್ಕ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದಂತಿವೆ. ಆತನ ವಸಾಹತುಶಾಹಿ ಮನೋಧರ್ಮದ ಬಗೆಗೆ ಹೇಳಬೇಕಾದದ್ದು ಬಹಳವಿದೆ. ಅದನ್ನು ಬದಿಗಿಟ್ಟು ನೋಡಿದರೆ, ನೆರಳು ಮರಗಳ ಕುರಿತು ಆತ ಬರೆದ ಭಾಗವು ಈ ಸೀಮೆಯ ಸಸ್ಯಜ್ಞಾನದ ಅಮೂಲ್ಯ ದಾಖಲೆ. ಯಾವ ಮರದ ನೆರಳು ಕಾಫಿಗೆ ಹಿತ, ಯಾವುದು ಅಹಿತ ಎಂದು ವಿವರಿಸುವಾಗ ಬಸರಿ, ಗೋಣಿ, ಮಿಟ್ಲಿ, ಹೌಲಿಗೆ ಎಂಬ ಕನ್ನಡ ಹೆಸರುಗಳನ್ನೇ ಆತ ಇಂಗ್ಲಿಷ್ ಪುಟದ ಮೇಲೆ ಇಳಿಸಿದ್ದಾನೆ. ಗೋಣಿಬೀಡಿನ ಹೆಸರಿನಲ್ಲಿ ಕೇಳಿಬರುವ ಗೋಣಿಯೂ ಆಲದ ಜಾತಿಗೆ ಸೇರಿದ ಮರವೊಂದರ ಹೆಸರೇ ಎಂಬುದು ಇಲ್ಲಿ ಸ್ಮರಣೀಯ. ಈ ಹೆಸರುಗಳನ್ನೂ ಮರಗಳ ಗುಣವನ್ನೂ ಆ ಪರದೇಶಿಗೆ ಕಲಿಸಿದವರು ಸ್ಥಳೀಯ ಒಕ್ಕಲಿಗರು ಮತ್ತು ಕೂಲಿಗಳಲ್ಲದೆ ಬೇರೆ ಯಾರಾಗಿರಲು ಸಾಧ್ಯ? ಗ್ರಂಥದ ಮುಖಪುಟದಲ್ಲಿರುವುದು ಒಬ್ಬನ ಹೆಸರು.

ನೆರಳಿನ ಪ್ರಶ್ನೆ ಬೆಳೆಯ ಜೀವನ್ಮರಣದ ಪ್ರಶ್ನೆಯಾಗಿತ್ತು. ತಜ್ಞರು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಎಂದು ಕರೆಯುವ ಬಿಳಿ ಕಾಂಡಕೊರಕ 1860ರ ದಶಕದ ಬರಗಾಲದ ವರ್ಷಗಳಲ್ಲಿ ತೋಟಗಳನ್ನು ನುಂಗಿತು. ಈ ದುಂಬಿಯ ಹೆಣ್ಣು ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ತಿಂಗಳುಗಟ್ಟಲೆ ಸುರಂಗ ಕೊರೆಯುತ್ತದೆ. ಗಿಡ ಹಳದಿಯಾಗಿ ಬಾಡುವಷ್ಟರಲ್ಲಿ ಉಪಾಯ ಮುಗಿದಿರುತ್ತದೆ. ಕಾಡು ಕಡಿದು ಬಯಲು ಮಾಡಿ ನೆಟ್ಟ ತೋಟಗಳು ಮೊದಲು ಹೋದವು. ಹಳೆಯ ಮರಗಳ ನೆರಳನ್ನು ಉಳಿಸಿಕೊಂಡಿದ್ದ ತೋಟಗಳು ಉಳಿದವು. ‘ಚಿಕ್’ ತಳಿ ಮೂಲೆಗೆ ಸರಿದು ಕೊಡಗಿನಿಂದ ಬಂದ ಬೀಜ ಅದರ ಜಾಗವನ್ನು ಹಿಡಿಯಿತು. ಸೋಂಕಿದ ಗಿಡವನ್ನು ದುಂಬಿ ಹೊರಬರುವ ಮೊದಲೇ ಪತ್ತೆಹಚ್ಚಿ ಬುಡಸಮೇತ ಕಿತ್ತು ಸುಡುವುದು ಇಂದಿಗೂ ಬೆಳೆಗಾರರ ಮುಖ್ಯ ಅಸ್ತ್ರವಾಗಿದೆ. ಒಂದೂವರೆ ಶತಮಾನದ ಕೀಟಶಾಸ್ತ್ರ ಇದನ್ನು ಪೂರ್ತಿಯಾಗಿ ಬದಲಿಸಲಾರದೆ ಹೋಗಿದೆ ಎಂಬುದು ಕೀಟದ ಜಾಣತನಕ್ಕೆ ಸಾಕ್ಷಿ.

ಎರಡನೆಯ ಶತ್ರು ಎಲೆಯ ತುಕ್ಕುರೋಗ. 1869ರಲ್ಲಿ ಸಿಂಹಳದ ಮಾದರಿಗಳಿಂದ ಬರ್ಕ್‌ಲಿ ಮತ್ತು ಬ್ರೂಮ್ ಎಂಬ ವಿದ್ವಾಂಸರು ಅದರ ಶಿಲೀಂಧ್ರಕ್ಕೆ ಹೆಮಿಲಿಯ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟರು. ಎರಡನೆಯ ಪದದ ಅರ್ಥ ಧ್ವಂಸಕಾರಿ ಎಂದು. ಸಿಂಹಳದ ಕಾಫಿ ಎರಡು ದಶಕಗಳಲ್ಲಿ ಅಳಿದು ಅಲ್ಲಿ ಚಹಾ ಬಂದಿತು. 1880ರಿಂದ 1882ರವರೆಗೆ ಅಲ್ಲಿದ್ದು ಅಭ್ಯಾಸ ಮಾಡಿದ ಹ್ಯಾರಿ ಮಾರ್ಷಲ್ ವಾರ್ಡ್, ಗಾಳಿಯಲ್ಲಿ ತೇಲುವ ಬೀಜಕಣಗಳಿಂದ ರೋಗ ಹರಡುವುದನ್ನೂ, ಮೈಲಿಗಟ್ಟಲೆ ಒಂದೇ ಬೆಳೆಯನ್ನು ಹರಡಿದ್ದೇ ಅನಾಹುತಕ್ಕೆ ದಾರಿಯಾದುದನ್ನೂ ತೋರಿಸಿಕೊಟ್ಟರು. ಮೈಸೂರಿನ ಮಲೆನಾಡಿನಲ್ಲಿ ಅದೇ ರೋಗ ಬಂದರೂ ಕಾಫಿ ಅಳಿಯಲಿಲ್ಲ. ದೀರ್ಘವಾದ ಒಣಹವೆ, ಮರಗಳ ನೆರಳು, ಕಾಡಿನ ಅಂಚುಗಳು ತೋಟವನ್ನು ತುಂಡು ತುಂಡಾಗಿ ಬೇರ್ಪಡಿಸಿದ್ದು, ಇವೆಲ್ಲ ಸೇರಿ ಬೆಳೆಯನ್ನು ಕಾಪಾಡಿದವು.

ಈ ಹಂತದಲ್ಲಿ ಒಬ್ಬ ತೋಟಗಾರನ ಕಣ್ಣು ವಿಜ್ಞಾನಕ್ಕಿಂತ ಮೊದಲೇ ಕೆಲಸ ಮಾಡಿತು. ಮೈಸೂರು ಸೀಮೆಯ ದೊಡ್ಡೇನಗುಡ್ಡ ತೋಟದಲ್ಲಿ ಎಲ್. ಪಿ. ಕೆಂಟ್ ಎಂಬುವರು ಸುತ್ತಲಿನ ಗಿಡಗಳೆಲ್ಲ ತುಕ್ಕು ಹಿಡಿದು ಎಲೆಯುದುರಿಸಿದಾಗಲೂ ಹಸುರಾಗಿ ನಿಂತ ಒಂದು ಗಿಡವನ್ನು 1911ರ ಸುಮಾರಿಗೆ ಗುರುತಿಸಿ ಅದರ ಬೀಜದಿಂದ ಸಸಿಗಳನ್ನೆಬ್ಬಿಸಿದರು. ‘ಕೆಂಟ್ಸ್’ ಎಂದು ಹೆಸರಾದ ಈ ತಳಿ ದಕ್ಷಿಣ ಭಾರತದಲ್ಲೆಲ್ಲ ಹರಡಿ ಪೂರ್ವ ಆಫ್ರಿಕದ ತೋಟಗಳನ್ನೂ ತಲುಪಿತು. ಆದರೆ ಕೆಲವೇ ವರ್ಷಗಳಲ್ಲಿ ಅದಕ್ಕೂ ತುಕ್ಕು ತಗುಲಿತು. ಏಕೆ ಹೀಗಾಯಿತೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಾಳೆಹೊನ್ನೂರಿನಲ್ಲಿ.

ಬಾಳೆಹೊನ್ನೂರಿನ ಕೇಂದ್ರದ ಹಿನ್ನೆಲೆಯಲ್ಲಿ ಲೆಸ್ಲಿ ಕೋಲ್ಮನ್ ಅವರ ಹೆಸರು ಬರುತ್ತದೆ. ಕೆನಡಾ ದೇಶದವರಾದ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅಡಕೆಯ ಕೊಳೆರೋಗದ ಮೇಲೆ ಅವರು 1910ರಲ್ಲಿ ಪ್ರಕಟಿಸಿದ ಅಧ್ಯಯನವು ಸಂಸ್ಥಾನದ ವೈಜ್ಞಾನಿಕ ಕೃಷಿಯ ಮೊದಲ ದೊಡ್ಡ ಸಾಧನೆಗಳಲ್ಲಿ ಒಂದು. ಮಲೆನಾಡಿನವರು ಇಂದಿಗೂ ಮಳೆಗಾಲದಲ್ಲಿ ಅಡಕೆ ಗೊನೆಗೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಈ ಭಾಗದಲ್ಲಿ ಬೇರೂರಿದ್ದು ಅವರ ಪ್ರಯತ್ನದಿಂದ. ಗಮನಿಸಬೇಕಾದ ಸಂಗತಿಯೆಂದರೆ, ಕೊಳೆರೋಗ ಎಂಬ ಕನ್ನಡ ಪದ ಅವರಿಗಿಂತ ಮೊದಲೇ ಶಿಲೀಂಧ್ರಶಾಸ್ತ್ರದೊಳಕ್ಕೆ ಹೋಗಿತ್ತು. ಕಾಫಿಯ ಕಪ್ಪುಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ವಿದ್ವಾಂಸ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದೇ ಹೆಸರಿಟ್ಟಿದ್ದ. ರೈತನ ಬಾಯಿಯ ಮಾತೊಂದು ಲ್ಯಾಟಿನ್ ಹೆಸರಿನ ಎರಡನೆಯ ಪದವಾಗಿ ಜಗತ್ತಿನ ಗ್ರಂಥಾಲಯಗಳಲ್ಲೆಲ್ಲ ಕುಳಿತಿದೆ.

ಕೋಲ್ಮನ್ ಕೃಷಿ ನಿರ್ದೇಶಕರಾಗಿದ್ದ ಕಾಲದಲ್ಲಿಯೇ, 1925ರಲ್ಲಿ, ಮೈಸೂರು ಸರ್ಕಾರವು ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ತೆರೆಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದರ ಮುಂದುವರಿಕೆ. ಅಲ್ಲಿನ ವಿಜ್ಞಾನಿ ವಿಲ್ಸನ್ ಮೇಯ್ನ್ 1930ರ ದಶಕದ ಆರಂಭದಲ್ಲಿ ಮಹತ್ವದ ಸಂಗತಿಯೊಂದನ್ನು ತೋರಿಸಿದರು. ಕಣ್ಣಿಗೆ ಒಂದೇ ರೀತಿ ಕಾಣುವ ತುಕ್ಕಿನ ಶಿಲೀಂಧ್ರದಲ್ಲಿ ಬೇರೆ ಬೇರೆ ಕುಲಗಳಿವೆ. ಒಂದು ಕುಲಕ್ಕೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗುತ್ತದೆ. ಕೆಂಟ್ಸ್ ತಳಿಯು ಸೋತುದರ ಮರ್ಮ ಇದೇ. ಗಿಡ ಬದಲಾಗಿರಲಿಲ್ಲ, ಅದಕ್ಕೆ ಎದುರಾದ ಶಿಲೀಂಧ್ರದ ಕುಲ ಬದಲಾಗಿತ್ತು. ಕಾಫಿಯ ತುಕ್ಕಿನ ವಿಷಯದಲ್ಲಿ ಈ ತಿಳಿವಳಿಕೆ ಜಗತ್ತಿಗೆ ದೊರೆತದ್ದು ಬಾಳೆಹೊನ್ನೂರಿನಿಂದ. ಅದರ ಆಧಾರದ ಮೇಲೆ ತಳಿಸಂವರ್ಧನೆ ಮುಂದುವರಿಯಿತು. ಅರೇಬಿಕಾ ಮತ್ತು ಲೈಬೀರಿಕಾ ಜಾತಿಗಳ ನೈಸರ್ಗಿಕ ಸಂಕರವೆಂದು ತಿಳಿಯಲಾದ ಗಿಡದ ಸಂತತಿಯಾದ ಎಸ್. 288 ಅನ್ನು ಕೆಂಟ್ಸ್‌ನೊಡನೆ ಕೂಡಿಸಿ ಪಡೆದ ಎಸ್. 795 ತಳಿ 1940ರ ದಶಕದ ಮಧ್ಯಭಾಗದಲ್ಲಿ ಬೆಳೆಗಾರರ ಕೈಸೇರಿತು. ಸಂಖ್ಯೆಯೇ ಹೆಸರಾದ ಈ ಗಿಡ ದಶಕಗಳ ಕಾಲ ಚಿಕ್ಕಮಗಳೂರಿನ ತೋಟಗಳ ಬೆನ್ನೆಲುಬಾಗಿದ್ದಿತು. ಇಂಡೋನೇಷ್ಯದಲ್ಲಿ ಅದೇ ತಳಿ ಜೆಂಬರ್ ಎಂಬ ಹೆಸರಿನಿಂದ ಬೆಳೆಯುತ್ತದೆ. ಅದರ ನಿರೋಧಶಕ್ತಿಯೂ ಕಾಲಕ್ರಮದಲ್ಲಿ ಕುಗ್ಗಿತು. 1985ರಲ್ಲಿ ಕಾವೇರಿ, 2007ರಲ್ಲಿ ಚಂದ್ರಗಿರಿ ತಳಿಗಳು ಬಂದವು. ಈ ಓಟಕ್ಕೆ ಗುರಿಗೆರೆ ಇಲ್ಲ.

ಇನ್ನೊಂದು ಕಡೆ ಮೂಡಿಗೆರೆಯ ಸಂಶೋಧನಾ ಕೇಂದ್ರ ಏಲಕ್ಕಿಯ ಮೇಲೆ ಕೆಲಸ ಮಾಡಿತು. ಗಿಡಹೇನಿನಿಂದ ಹರಡುವ ಕಟ್ಟೆರೋಗ ಮಲೆನಾಡಿನ ಏಲಕ್ಕಿಮಲೆಗಳನ್ನು ಹಾಳುಗೆಡವಿದ ಸಂದರ್ಭದಲ್ಲಿ ಈ ಕೇಂದ್ರವಿದ್ದಿತು. ಮೂಡಿಗೆರೆ-1, ಮೂಡಿಗೆರೆ-2 ಎಂಬ ತಳಿಗಳು ಊರಿನ ಹೆಸರನ್ನು ಹೊತ್ತಿವೆ. ಈ ಕೇಂದ್ರದ ನೆರಳು ಮುಂದೆ ಕನ್ನಡದ ಒಂದು ಕಾದಂಬರಿಯ ಮೇಲೆ ಬಿದ್ದುದನ್ನು ಕೆಳಗೆ ನೋಡಬಹುದು.

ಕೊಟ್ಟಿಗೆಹಾರದ ಕಪ್ಪೆ

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ದಕ್ಷಿಣ ಭಾರತದ ಹೊಸ ಉಭಯಜೀವಿಗಳನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. 1932ರಲ್ಲಿ ಆರಂಭವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಇವರೇ. ಮಲೆನಾಡಿನ ಝರಿಗಳಿಂದ ಬಂದ ಕಪ್ಪೆಗಳಿಗೆ ಅವರು ಕೊಟ್ಟ ಹೆಸರುಗಳಲ್ಲಿ ಊರುಗಳೇ ತುಂಬಿವೆ: ಸಕಲೇಶಪುರದ ಕೆಂಪುಹೊಳೆ ಒಂದರಲ್ಲಿ, ಚಾರ್ಮಾಡಿಯ ತಲೆಯ ಮೇಲಿನ ಕೊಟ್ಟಿಗೆಹಾರ ಇನ್ನೊಂದರಲ್ಲಿ. ಎರಡನೆಯದನ್ನು ಇಂದು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂದು ಕರೆಯುತ್ತಾರೆ.

ಪ್ರಾಣಿಶಾಸ್ತ್ರದಲ್ಲಿ ಹೊಸ ಹೆಸರಿಡುವವನು ಆ ಹೆಸರಿಗೆ ಆಧಾರವಾದ ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿ ಕಾದಿರಿಸಬೇಕು. ಅದು ದೊರೆತ ಊರು ಆ ಜೀವಿಯ ಮಾದರಿ ನೆಲೆ. ಮುಂದೆ ಯಾವುದೇ ಸಂಶಯ ಬಂದರೆ ಆ ಸೀಸೆಯನ್ನು ತೆರೆದು ನೋಡಬೇಕು. ನಾರಾಯಣ ರಾವ್ ಅವರ ಮಾದರಿಗಳು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿದ್ದು ಅನಂತರ ಕಳೆದುಹೋದವು. ಹೆಸರುಗಳು ಉಳಿದು, ಹೆಸರಿನ ಆಧಾರ ಹೋಯಿತು. ದಶಕಗಳ ಕಾಲ ಅವರ ಹಲವು ಕಪ್ಪೆಗಳು ಪಟ್ಟಿಗಳಲ್ಲಿ ಮಾತ್ರ ಜೀವಿಸಿದವು. ಇಂಥ ಸಂದರ್ಭದಲ್ಲಿ ಸಂಶೋಧಕರಿಗೆ ಉಳಿಯುವ ದಾರಿ ಮೂಲ ನೆಲೆಗೆ ಮರಳಿ, ಅದೇ ಝರಿಯ ಬದಿಯಲ್ಲಿ ಮಳೆಯಲ್ಲಿ ಕುಳಿತು, ಮೂಲ ವರ್ಣನೆಗೆ ಹೊಂದುವ ಪ್ರಾಣಿಯನ್ನು ಮತ್ತೆ ಹುಡುಕುವುದು. ಆದ್ದರಿಂದ ಮಾದರಿ ನೆಲೆಯ ಕಾಡು ಉಳಿದಿರುವುದು ಭಾವುಕತೆಯ ಮಾತಲ್ಲ. ಸೀಸೆ ಒಡೆದಾಗ ಕಾಡೇ ಸಂಗ್ರಹಾಲಯ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಚಾರ್ಮಾಡಿ ಘಟ್ಟದ ಇಳಿಜಾರುಗಳು ಕುಸಿದದ್ದನ್ನು ಈ ದೃಷ್ಟಿಯಿಂದಲೂ ಎಣಿಸಬೇಕಾಗುತ್ತದೆ.

ಎಸ್. ಡಿ. ಬಿಜು ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಈ ಕುಲವನ್ನು ಸಮಗ್ರವಾಗಿ ಪರಿಷ್ಕರಿಸಿ 14 ಹೊಸ ಪ್ರಭೇದಗಳನ್ನು ಸೇರಿಸಿದರು. ನೀರಿನ ಭೋರ್ಗರೆತದಲ್ಲಿ ಕೂಗು ಕೇಳಿಸದು. ಆದ್ದರಿಂದ ಗಂಡುಕಪ್ಪೆ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ನೀಡಿ, ಬೆರಳ ಪೊರೆಯನ್ನು ಬಿಡಿಸಿ ಬೀಸುತ್ತದೆ. ಕುಣಿಯುವ ಕಪ್ಪೆಯೆಂಬ ಹೆಸರು ಹೀಗೆ ಬಂದಿತು. ಇದಕ್ಕೂ ಮೊದಲು, 2010ರಲ್ಲಿ, ಮೊಟ್ಟೆಯಿಂದ ಗೊದಮೊಟ್ಟೆಯ ಹಂತವಿಲ್ಲದೆ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುವ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟೆಸ್ ಎಂದು ಹೆಸರಿಡಲಾಯಿತು. ಅದರ ಮೊದಲ ಭಾಗ ನಾರಾಯಣ ರಾವ್ ಅವರ ಸ್ಮರಣೆಗಾಗಿ. ಮಾದರಿಗಳನ್ನು ಕಳೆದುಕೊಂಡ ವಿದ್ವಾಂಸನ ಹೆಸರೇ ಜೀವಿಗಳಲ್ಲಿ ಉಳಿದಂತಾಯಿತು. ಅದೇ 2014ರಲ್ಲಿ ಉತ್ತರ ಕನ್ನಡದ ಕತ್ತಲೆಕಾನಿನಿಂದ ಕೆ. ವಿ. ಗುರುರಾಜ ಮತ್ತು ಸಂಗಡಿಗರು ವರ್ಣಿಸಿದ, ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತುವ ಕಪ್ಪೆಗೆ ಕುಂಬಾರ ಎಂಬ ಕನ್ನಡ ಪದವನ್ನೇ ಪ್ರಭೇದನಾಮವಾಗಿ ಕೊಟ್ಟದ್ದು ಕೊಳೆರೋಗದ ಪರಂಪರೆಯನ್ನು ನೆನಪಿಗೆ ತರುತ್ತದೆ.

ಕನ್ನಡದ ಓದುಗನಿಗೆ ಇಲ್ಲಿ ಒಂದು ವಿಪರ್ಯಾಸ ಕಾಣದಿರದು. ಸೆಂಟ್ರಲ್ ಕಾಲೇಜಿನ ವಲಯದಿಂದಲೇ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಶ್ರಮದಿಂದ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಟಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ. ಮಲೆನಾಡಿನ ಕಪ್ಪೆ, ಕೀಟ, ಶಿಲೀಂಧ್ರಗಳ ಮೇಲಿನ ನಿಜವಾದ ಸಂಶೋಧನೆಯೆಲ್ಲ ಇಂಗ್ಲಿಷಿನಲ್ಲಿ ನಡೆದು, ಕನ್ನಡಕ್ಕೆ ಬಂದದ್ದು ಪಠ್ಯಪುಸ್ತಕದ ಸಾರಾಂಶ ಮಾತ್ರ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ ಮತ್ತು ‘ವಿಜ್ಞಾನ ಪ್ರಪಂಚ’, ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಈ ಕೊರತೆಯನ್ನು ತಮ್ಮ ತಮ್ಮ ರೀತಿಯಲ್ಲಿ ತುಂಬಿದವು. ಸ್ವಾಮಿಯವರು ಸ್ವತಃ ಸಂಶೋಧಕರು. ಕಾರಂತರು ಜಗತ್ತಿನ ಜ್ಞಾನವನ್ನು ಕನ್ನಡಕ್ಕೆ ಸಾಗಿಸಿದ ಸಾಹಸಿಗಳು. ಮೂರನೆಯ ಮಾರ್ಗವೊಂದು ಮೂಡಿಗೆರೆಯಲ್ಲಿ ತೆರೆಯಿತು.

ತೇಜಸ್ವಿ ಮತ್ತು ಮಾಹಿತಿಗಾರನ ಸ್ಥಾನ

1938ರ ಸೆಪ್ಟೆಂಬರ್ 8ರಂದು ಜನಿಸಿದ ಪೂರ್ಣಚಂದ್ರ ತೇಜಸ್ವಿ, ಮೈಸೂರಿನ ವಿದ್ಯಾಭ್ಯಾಸದ ನಂತರ ಅಧ್ಯಾಪನವನ್ನಾಗಲಿ ನಗರವನ್ನಾಗಲಿ ಆರಿಸಿಕೊಳ್ಳದೆ ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರಾಗಿ ನೆಲೆಸಿದರು. ಮೊದಲು ‘ಚಿತ್ರಕೂಟ’, ಅನಂತರ ‘ನಿರುತ್ತರ’. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡದ್ದೂ ಅಲ್ಲಿಯೇ. ಅವರ ಕಥನಸಾಹಿತ್ಯದ ಬಗೆಗೆ ವಿಮರ್ಶೆ ವಿಪುಲವಾಗಿದೆ. ಜ್ಞಾನಚರಿತ್ರೆಯ ದೃಷ್ಟಿಯಿಂದ ಮಾತ್ರ ಇಲ್ಲಿ ಎರಡು ಕೃತಿಸಮೂಹಗಳನ್ನು ನೋಡಿದರೆ ಸಾಕು.

1980ರಲ್ಲಿ ಪ್ರಕಟವಾದ ‘ಕರ್ವಾಲೊ’ ಕಾದಂಬರಿಯಲ್ಲಿ ಮೂಡಿಗೆರೆಯ ಸಂಶೋಧನಾ ಕೇಂದ್ರದ ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ, ಕೃಷಿಕನಾದ ನಿರೂಪಕ ಇವರೆಲ್ಲ ಹಾರುವ ಓತಿಯೊಂದನ್ನು ಅರಸಿ ಕಾಡಿಗೆ ಹೋಗುತ್ತಾರೆ. ಊರವರ ಕಣ್ಣಿಗೆ ಮಂದಣ್ಣ ಉಡಾಳ. ವಿಜ್ಞಾನಿಯ ಕಣ್ಣಿಗೆ ಮಾತ್ರ ಅವನು ಅಪೂರ್ವ ವೀಕ್ಷಕ. ಜೀವಿಯನ್ನು ಕಂಡವನೂ ಅವನೇ. ಎಲಿಯಟ್‌ಗೆ ಮರದ ಹೆಸರು ಹೇಳಿಕೊಟ್ಟವರು, ಶಾಸನದ ಕಲ್ಲು ಯಾವ ಪೊದೆಯಲ್ಲಿದೆಯೆಂದು ರೈಸ್ ಅವರ ಸಿಬ್ಬಂದಿಗೆ ತೋರಿಸಿದವರು, ನಾರಾಯಣ ರಾವ್ ಅವರ ಕಪ್ಪೆಗಳನ್ನು ಝರಿಯಿಂದ ಹಿಡಿದವರು ಯಾರೂ ಗ್ರಂಥಗಳಲ್ಲಿ ಹೆಸರು ಪಡೆದಿಲ್ಲ. ಈ ಹೆಸರಿಲ್ಲದ ಮಾಹಿತಿಗಾರನನ್ನು ಕಥೆಯ ನಡುವೆ ತಂದು ನಿಲ್ಲಿಸಿದ್ದು ‘ಕರ್ವಾಲೊ’ದ ನಿಜವಾದ ವೈಚಾರಿಕ ಸಾಧನೆ. ಅದರ ವಿಕಾಸವಾದದ ಚರ್ಚೆಗಿಂತ ಇದು ದೊಡ್ಡದು.

ವಿಕಾಸವಾದದ ವಿಷಯದಲ್ಲಿ ಕಾದಂಬರಿಯ ಕಲ್ಪನೆಯನ್ನೂ ಜೀವಶಾಸ್ತ್ರವನ್ನೂ ಬೇರ್ಪಡಿಸಿಕೊಳ್ಳುವುದು ಅಗತ್ಯ. ಪಶ್ಚಿಮಘಟ್ಟದಲ್ಲಿ ನಿಜವಾಗಿ ಇರುವ ಹಾರುವ ಓತಿ ಡ್ರೇಕೊ ಡುಸುಮೇರಿ. ಇದನ್ನು ಡ್ಯುಮೆರಿಲ್ ಮತ್ತು ಬಿಬ್ರೋನ್ 1837ರಲ್ಲಿ ವರ್ಣಿಸಿದರು. ಉದ್ದವಾದ ಪಕ್ಕೆಲುಬುಗಳ ನಡುವೆ ಹರಡಿದ ಚರ್ಮದ ಪೊರೆಯನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುವ ಇದು ಅಡಕೆ ತೋಟಗಳಲ್ಲಿಯೂ ಕಾಣಸಿಗುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಮುಖ್ಯವಾಗಿ ಮೊಟ್ಟೆಯಿಡಲು. ಇದು ಓತಿಕ್ಯಾತಗಳ ಕುಟುಂಬಕ್ಕೇ ಸೇರಿದ ಪ್ರಾಣಿಯೇ ಹೊರತು ಕೋಟ್ಯಂತರ ವರ್ಷಗಳ ಹಿಂದಿನ ಪಳೆಯುಳಿಕೆಯ ಜೀವಂತ ಪ್ರತಿಯಲ್ಲ. ಟ್ರಯಾಸಿಕ್ ಯುಗದ ಇಕಾರೊಸಾರಸ್ ಮೊದಲಾದ ಸರೀಸೃಪಗಳಲ್ಲಿಯೂ ಪಕ್ಕೆಲುಬಿನ ರೆಕ್ಕೆಗಳಿದ್ದವು. ಆದರೆ ಅವು ಡ್ರೇಕೊದ ಪೂರ್ವಜರಲ್ಲ. ಸಂಬಂಧವಿಲ್ಲದ ಎರಡು ವಂಶಗಳು ಒಂದೇ ಉಪಾಯವನ್ನು ಕಂಡುಕೊಂಡವು, ಅಷ್ಟೆ. ಕಾದಂಬರಿಯ ರೋಮಾಂಚನಕ್ಕೆ ಇದರಿಂದ ಕುಂದಿಲ್ಲ. ಶಾಲೆಗಳಲ್ಲಿ ಆ ಕೃತಿಯನ್ನು ಪಾಠ ಹೇಳುವವರು ಈ ವ್ಯತ್ಯಾಸವನ್ನು ತಿಳಿಸಬೇಕಾದದ್ದು ಅವಶ್ಯ.

ಮಂದಣ್ಣನ ವೃತ್ತಿಯ ಮಾತನ್ನೂ ಇಲ್ಲಿ ಸೇರಿಸಬೇಕು. ಕಾದಂಬರಿ ಬಂದ ಹನ್ನೊಂದು ಹನ್ನೆರಡು ವರ್ಷಗಳಲ್ಲಿ, 1991–92ರ ಸುಮಾರಿಗೆ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ನಾಶಮಾಡಿತು. ಪೆಟ್ಟಿಗೆಗಳು ಖಾಲಿಯಾದವು. ಅರೇಬಿಕಾ ಕಾಫಿ ಸ್ವಪರಾಗಸ್ಪರ್ಶದಿಂದ ಕಾಯಿ ಕಟ್ಟಬಲ್ಲುದು. ರೊಬಸ್ಟಾಕ್ಕೆ ಅದು ಸಾಧ್ಯವಿಲ್ಲ, ಬೇರೆ ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಬೆಟ್ಟವೆಲ್ಲ ಬೆಳ್ಳಗಾಗಿ ಎರಡು ಮೂರು ದಿನಗಳಲ್ಲಿ ಬಾಡುವ ಆ ಹೂವಿನ ಕೆಲಸ ಮುಗಿಸಲು ಗಾಳಿಯ ಜೊತೆಗೆ ತುಡುವೆಯೂ ಹೆಜ್ಜೇನೂ ಬೇಕು. ಕರ್ವಾಲೊ ವಿಜ್ಞಾನಿಯು ಮಂದಣ್ಣನ ಬೆನ್ನು ಹತ್ತಿದ್ದು ಓತಿಗಾಗಿ. ಬೆಳೆಗಾರನಿಗೆ ಅವನ ಜೇನಿನ ತಿಳಿವಳಿಕೆಯೂ ಅಷ್ಟೇ ಬೇಕಾಗಿತ್ತೆಂಬುದು ಕಾಲಾನಂತರ ತಿಳಿಯಿತು.

ಎರಡನೆಯದು ಹೊಸ ಸಹಸ್ರಮಾನದ ಹೊಸ್ತಿಲಲ್ಲಿ ಪುಸ್ತಕ ಪ್ರಕಾಶನದಿಂದ ಹೊರಬಂದ ಹದಿನಾರು ಪುಸ್ತಕಗಳ ಮಿಲೆನಿಯಂ ಸರಣಿ. ಮಹಾಯುದ್ಧ, ಪೆಸಿಫಿಕ್ ದ್ವೀಪಗಳು, ಚಂದ್ರಯಾನ, ಪ್ರಾಣಿಗಳ ಜೀವನ ಸಂಗ್ರಾಮ, ದೇಶವಿದೇಶಗಳು, ವಿಶ್ವದ ವಿಸ್ಮಯಗಳು, ಹೀಗೆ ವಿಜ್ಞಾನ, ನಿಸರ್ಗ, ಇತಿಹಾಸ, ಸಾಹಸಿಗಳ ಬದುಕು ಎಲ್ಲವನ್ನೂ ಅದು ವ್ಯಾಪಿಸಿತು. ಸಣ್ಣ ಗಾತ್ರ, ಸುಲಭ ಬೆಲೆ, ಮಾತಿನ ಧಾಟಿಯ ಕನ್ನಡ. ವಿಶ್ವಕೋಶದ ಗಾಂಭೀರ್ಯವನ್ನು ಅವರು ಬೇಕೆಂದೇ ಬಿಟ್ಟರು. ಪಾರಿಭಾಷಿಕ ಪದಗಳನ್ನು ಸಂಸ್ಕೃತದಿಂದ ಕಟ್ಟುವ ಬದಲು ಜನ ಆಡುವ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿಟ್ಟು ಮುಂದೆ ಸಾಗಿದರು. ಪಂಡಿತರಲ್ಲಿ ಕೆಲವರಿಗೆ ಇದು ಸರಿಬೀಳಲಿಲ್ಲವಾದರೂ ಗ್ರಾಮಾಂತರದ ವಾಚನಾಲಯಗಳಿಗೆ ಈ ಪುಸ್ತಕಗಳು ತಲುಪಿದ್ದಕ್ಕೆ ಆ ಭಾಷೆಯೇ ಕಾರಣ.

ಸರಣಿಯ ಬಗೆಯ ಬರಹಕ್ಕೆ ಒಂದು ಮಿತಿಯೂ ಇದೆ. ಮೂಲಗಳನ್ನು ಪರೀಕ್ಷಿಸುವ ಅವಕಾಶ ಓದುಗನಿಗೆ ದೊರೆಯುವುದಿಲ್ಲ. ತೇಜಸ್ವಿಯವರು ‘ಮಹಾಪಲಾಯನ’ವಾಗಿ ಕನ್ನಡಕ್ಕೆ ತಂದ ಸ್ಲಾವೊಮಿರ್ ರಾವಿಚ್‌ನ ಸೈಬೀರಿಯದ ಪಲಾಯನವೃತ್ತಾಂತ ಇದಕ್ಕೆ ನಿದರ್ಶನ. ಆತ 1942ರಲ್ಲಿ ಬಿಡುಗಡೆ ಪಡೆದವನೆಂದು ಸೋವಿಯತ್ ದಾಖಲೆಗಳು ಹೇಳುವುದನ್ನು ಬಿಬಿಸಿ 2006ರಲ್ಲಿ ಹೊರಗೆಡಹಿತು. ಆತನೇ ಆ ನಡಿಗೆಯನ್ನು ನಡೆದನೆಂಬುದು ಅಲ್ಲಿಂದೀಚೆಗೆ ಬಲವಾದ ಸಂಶಯಕ್ಕೊಳಗಾಗಿದೆ. ಕನ್ನಡದ ಆವೃತ್ತಿಗಳು ಮರುಮುದ್ರಣಗೊಳ್ಳುವಾಗ ಇಂಥ ಸಂಗತಿಗಳಿಗೆ ಒಂದು ಪುಟದ ಸಂಪಾದಕೀಯ ಟಿಪ್ಪಣಿ ಸಲ್ಲುತ್ತದೆ. ಸಳನ ಹುಲಿಗೆ ಶಾಸನತಜ್ಞರು ಕೊಟ್ಟ ಉಪಚಾರವನ್ನೇ ಇದಕ್ಕೂ ಕೊಟ್ಟರೆ ಕೃತಿಯ ಸ್ವಾರಸ್ಯ ಹೋಗದು.

ಇನ್ನು ಗ್ರಂಥಾಲಯಗಳ ಗಮನಕ್ಕೆ ಬರಬೇಕಾದ ಒಂದು ವರ್ಗದ ದಾಖಲೆಗಳಿವೆ. ಈ ಸೀಮೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಪ್ರತಿದಿನ ಅಳೆದು ಇಂಚು ಮತ್ತು ಸೆಂಟುಗಳಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಬಂದಿದೆ. ಹೂಮಳೆ ಯಾವ ದಿನ ಬಿತ್ತು, ಎಷ್ಟು ಸೆಂಟು, ಹಿಂಬಾಲಿಸುವ ಮಳೆ ಎಷ್ಟು ದಿನಕ್ಕೆ ಬಂತು, ಬೋರರ್ ಹಿಡಿದ ಗಿಡ ಎಷ್ಟು ಕಿತ್ತರು, ಯಾವ ತಾಕಿನಲ್ಲಿ ಯಾವ ತಳಿ ನೆಟ್ಟರು ಎಂಬೆಲ್ಲವೂ ಆ ವಹಿಗಳಲ್ಲಿರುತ್ತದೆ. ಕೆಲವು ಇಂಗ್ಲಿಷಿನಲ್ಲಿ, ಬಹಳಷ್ಟು ಕನ್ನಡದಲ್ಲಿ. ಸರ್ಕಾರಿ ಮಳೆಮಾಪನ ಕೇಂದ್ರಗಳು ವಿರಳವಾಗಿರುವ, ಒಂದು ಗುಡ್ಡದಿಂದ ಮತ್ತೊಂದಕ್ಕೆ ಮಳೆ ಬದಲಾಗುವ ಪ್ರದೇಶದಲ್ಲಿ ಹವಾಮಾನದ ಬದಲಾವಣೆಯನ್ನು ಅಳೆಯಲು ಇದಕ್ಕಿಂತ ಸೂಕ್ಷ್ಮವಾದ ಆಕರ ಸಿಗುವುದು ಕಷ್ಟ. ತೋಟ ಪಾಲಾದಾಗ, ಮಾರಾಟವಾದಾಗ, ಹಳೆಯ ಬಂಗಲೆ ಕೆಡವಿದಾಗ ಈ ವಹಿಗಳು ರದ್ದಿಯ ಪಾಲಾಗುತ್ತವೆ. ಇವುಗಳ ಛಾಯಾಪ್ರತಿ ತೆಗೆದು, ತೋಟದ ಹೆಸರು, ಎತ್ತರ ಮತ್ತು ಗ್ರಾಮವನ್ನು ನಮೂದಿಸಿ ಸೂಚಿಯೊಂದನ್ನು ಸಿದ್ಧಪಡಿಸಲು ದೊಡ್ಡ ಅನುದಾನವೇನೂ ಬೇಕಾಗದು. ಗೋಣಿಬೀಡು, ಕೊಟ್ಟಿಗೆಹಾರ ಮತ್ತು ಕಳಸ ಈ ಮೂರು ಕಡೆಗಳಿಂದ ಆರಂಭಿಸಿದರೆ ಏಣಿನ ಎರಡೂ ಮಗ್ಗುಲ ಮಳೆ ಒಂದೇ ಸೂಚಿಯಲ್ಲಿ ಬರುತ್ತದೆ.